ಕರಾವಳಿಯ ತೇವದಲ್ಲಿ ಒಂದು ಮರದ ಬಿಲ್ಲು

ಮಣಿಪಾಲದ ಸಮೀಪ ಪೀಠೋಪಕರಣ ಮಾಡುವ ಆಚಾರಿಯೊಬ್ಬರು ಕೇಳಿದವರಿಗೆ ಮರದ ಬಿಲ್ಲುಗಳನ್ನೂ ಮಾಡಿಕೊಡುತ್ತಾರೆ. ಅವರಿಂದ ನಾನು ಪಡೆದ ಬಿಲ್ಲು 68 ಅಂಗುಲ ಉದ್ದದ್ದು. 28 ಅಂಗುಲ ಎಳೆದಾಗ 35 ಪೌಂಡ್ ಬಲ ಬೇಡುತ್ತದೆ. ಬಿಲ್ಲುಗಾರನ ಕಡೆಗಿರುವ ಹೊಟ್ಟೆಗೆ ತಾಳೆ ಜಾತಿಯ ಬೈನೆ ಮರ, ಗುರಿಯ ಕಡೆಗಿರುವ ಬೆನ್ನಿಗೆ ಬಿದಿರಿನ ಪಟ್ಟಿ.

ಬಿಲ್ಲನ್ನು ಎಳೆದಾಗ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಕುಗ್ಗುತ್ತದೆ. ಹೆಚ್ಚಿನ ಬಿಲ್ಲುಗಳು ಮುರಿಯುವುದು ಬೆನ್ನಿನಲ್ಲಿ, ಅದೂ ಮರದ ಎಳೆ ಕಡಿದುಹೋದ ಜಾಗದಲ್ಲಿ. ಆದ್ದರಿಂದಲೇ ನುರಿತವರು ಬೆನ್ನಿನುದ್ದಕ್ಕೂ ಒಂದೇ ವಾರ್ಷಿಕ ಉಂಗುರವನ್ನು ಗಾಯವಾಗದಂತೆ ಉಳಿಸಿಕೊಳ್ಳುತ್ತಾರೆ. ಬಿದಿರಿನ ಹೊರಮೈಯಲ್ಲಿ ಗಟ್ಟಿ ನಾರು ತಾನಾಗಿಯೇ ಒತ್ತಾಗಿರುವುದರಿಂದ ಆ ಶ್ರಮ ಇಲ್ಲಿ ಬೇಕಾಗಿಲ್ಲ. ಆಚಾರಿಯವರು ಗಿಣ್ಣುಗಳನ್ನು ಕೆತ್ತದೆ ಬಿಟ್ಟಿದ್ದಾರೆ, ಹೆದೆ ಕೂರುವ ಕಚ್ಚುಗಳನ್ನೂ ಬೆನ್ನಿಗೆ ಅಡ್ಡಲಾಗಿ ಕೊಯ್ಯದೆ ಅಂಚುಗಳಲ್ಲಿ ಮಾತ್ರ ತೆಗೆದಿದ್ದಾರೆ.

ಅವರ ನಿಜವಾದ ಕೌಶಲ ಕಾಣುವುದು ಬಾಗು ಹದಗೊಳಿಸುವಾಗ. ಗೋಡೆಗೆ ಬಡಿದ ಮರದ ತುಂಡಿನ ಮೇಲೆ ಬಿಲ್ಲಿನ ಹಿಡಿಯನ್ನು ಕೂರಿಸಿ, ಹೆದೆಯನ್ನು ರಾಟೆಯ ಹಗ್ಗದಿಂದ ಸ್ವಲ್ಪ ಸ್ವಲ್ಪವೇ ಕೆಳಕ್ಕೆ ಎಳೆಯುತ್ತ, ದೂರ ನಿಂತು ಹಿಡಿಯ ಆಚೀಚೆ ಬಾಗುವ ಬಿಲ್ಲಿನ ಎರಡೂ ತೋಳುಗಳನ್ನು ನೋಡಿ, ಬಿಗಿಯಾಗಿರುವ ಕಡೆ ಮಾತ್ರ ಹೊಟ್ಟೆಯನ್ನು ಹೆರೆಯುತ್ತಾರೆ. ಹೆಚ್ಚು ಬಾಗುವ ಜಾಗವನ್ನು ಮುಟ್ಟುವುದೇ ಇಲ್ಲ, ಏಕೆಂದರೆ ಒಂದೇ ಕಡೆ ಬಾಗುವ ಬಿಲ್ಲಿನಲ್ಲಿ ಇಡೀ ಭಾರ ಅಲ್ಲಿಗೇ ಬಿದ್ದು, ಮೊದಲು ಹೊಟ್ಟೆಯ ಮೇಲೆ ಕೂದಲೆಳೆಯಂಥ ಅಡ್ಡಗೆರೆಗಳು ಮೂಡುತ್ತವೆ, ಆಮೇಲೆ ಅದು ಮುರಿಯುತ್ತದೆ. ಉದ್ದೇಶಿತ 35 ಪೌಂಡನ್ನು ಮೀರಿ ಅವರು ಯಾವ ಹಂತದಲ್ಲೂ ಎಳೆಯುವುದಿಲ್ಲ. ಗ್ರಾಹಕ ಅವಸರ ಮಾಡಿದರೂ ಈ ಕೆಲಸವನ್ನು ಅವರು ಅವಸರಿಸುವುದಿಲ್ಲ, ಕಾಯುವ ತಾಳ್ಮೆ ಇಲ್ಲದವರು ಅಲ್ಲಿಗೆ ಹೋಗದಿರುವುದೇ ಲೇಸು.

ಮರದ ತೇವ ಶೇ. 8ರಿಂದ 10ರಷ್ಟಿದ್ದರೆ ಬಿಲ್ಲಿಗೆ ಹಿತ. ನಮ್ಮ ಮಳೆಗಾಲದಲ್ಲಿ ಹೊರಗಿಟ್ಟ ಮರ ಶೇ. 15ನ್ನು ಸುಲಭವಾಗಿ ದಾಟುತ್ತದೆ. ಅಂಥ ಬಿಲ್ಲು ಮುರಿಯದಿದ್ದರೂ ಬಾಗಿದಂತೆಯೇ ಉಳಿದು ಬಲ ಕಳೆದುಕೊಳ್ಳುತ್ತದೆ. ಅತಿಯಾಗಿ ಒಣಗಿದ್ದು ಚಟ್ಟನೆ ಮುರಿಯುತ್ತದೆ. ಇವರು ಬಲ್ಬು ಉರಿಯುವ ಪೆಟ್ಟಿಗೆಯಲ್ಲಿ ಮರವನ್ನಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ತೂಗುತ್ತಾರೆ.

ಕೊರತೆಗಳೂ ಇವೆ. ಬಿದಿರಿನ ಅಂಚುಗಳು ಚೂಪಾಗಿಯೇ ಉಳಿದಿದ್ದವು. ಸಿಬಿರು ಏಳುವುದು ಅಲ್ಲಿಂದಲೇ ಆದ್ದರಿಂದ ನಾನು ಮರಳುಕಾಗದದಿಂದ ಉಜ್ಜಿ ದುಂಡಗೆ ಮಾಡಿಕೊಳ್ಳಬೇಕಾಯಿತು. ಎಣ್ಣೆಯ ಲೇಪವೂ ತೆಳು. ಕೊಟ್ಟ ನೈಲಾನ್ ಹೆದೆ ಹಿಗ್ಗುತ್ತಲೇ ಇರುತ್ತದೆ, ಡೇಕ್ರಾನ್ (ಒಂದು ಬಗೆಯ ಪಾಲಿಯೆಸ್ಟರ್ ನೂಲು) ಹೆದೆ ಕೊಡುವುದು ಉತ್ತಮ. ಬಾಣವಿಲ್ಲದೆ ಹೆದೆ ಬಿಡಬಾರದು, ಕೆಲಸ ಮುಗಿದೊಡನೆ ಹೆದೆ ಇಳಿಸಬೇಕು ಎಂಬುದನ್ನು ಅವರು ಬಾಯಲ್ಲಿ ಹೇಳುತ್ತಾರೆ; ಹೊಸಬರ ಕೈಯಲ್ಲಿ ಬಿಲ್ಲುಗಳು ಹಾಳಾಗುವುದು ಎಷ್ಟೋ ಸಲ ಇವನ್ನು ಮರೆಯುವುದರಿಂದಲೇ ಆಗಿರುವಾಗ ಒಂದು ಚೀಟಿಯಲ್ಲಿ ಬರೆದು ಕೊಡಬಹುದಿತ್ತು.

6,500 ರೂಪಾಯಿ ಈ ಕೆಲಸಕ್ಕೆ ನ್ಯಾಯವಾದ ಬೆಲೆ. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ (ತುಳುವರ ಲೆಕ್ಕದಲ್ಲಿ ಜುಲೈ-ಆಗಸ್ಟ್) ಅವರು ಬಿಲ್ಲಿನ ಕೆಲಸ ಹಿಡಿಯುವುದಿಲ್ಲ; ಬೇಕಾದವರು ದೀಪಾವಳಿಯ ನಂತರ ವಿಚಾರಿಸಬೇಕು.