ಎಂಟನೇ ತರಗತಿ ಶಿಬಿರ: ಶೆಟ್ಟಿಹಳ್ಳಿಯೋ, ಕಾಫಿ ತೋಟವೋ?

ಹಾಸನದ ಶಾಲೆಗೆ ಶೆಟ್ಟಿಹಳ್ಳಿ ಚರ್ಚ್ ಸುಮಾರು 20 ಕಿ.ಮೀ.; ಬೆಳಿಗ್ಗೆ ಹೊರಟರೆ ಸಂಜೆಗೆ ವಾಪಸ್. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು, ಗೊರೂರು ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿ ಪಾಳುಬಿದ್ದಿದೆ. ಮಳೆಗಾಲದಲ್ಲಿ ಅರ್ಧ ಮುಳುಗಿರುತ್ತದೆ, ನೆರಳಿನಿಂದ ಗೋಡೆಯ ಎತ್ತರ ಅಳೆಯುವ ಕೆಲಸಕ್ಕೆ ಬೇಸಿಗೆಯೇ ಬೇಕು. 1 ಮೀಟರ್ ಕೋಲಿನ ನೆರಳು 80 ಸೆಂ.ಮೀ., ಗೋಡೆಯದ್ದು 8 ಮೀಟರ್ ಇದ್ದರೆ ಎತ್ತರ 10 ಮೀಟರ್. ಎರಡನ್ನೂ ಒಂದೇ ಹೊತ್ತಿಗೆ ಅಳೆಯದಿದ್ದರೆ ಲೆಕ್ಕ ಕೆಡುತ್ತದೆ. ಗೋಡೆ ಹತ್ತಲು ಬಿಡಲೇಬೇಡಿ, ಗಾರೆ ಉದುರುತ್ತಿದೆ.

ಚಿಕ್ಕಮಗಳೂರಿನ ತೋಟಕ್ಕೆ ಒಂದು ರಾತ್ರಿಯ ವಾಸ್ತವ್ಯ, ಹೆಚ್ಚು ಖರ್ಚು. ಆದರೆ ಕೈಗೆ ಕೆಲಸ ಸಿಗುವುದು ಇಲ್ಲೇ. ಅರೇಬಿಕಾ ಕಾಫಿ ಕೊಯ್ಲಿನ ಡಿಸೆಂಬರ್‌ನಲ್ಲಿ ಹೋಗಿ. ಪ್ರತಿ ಗುಂಪಿಗೆ 2 ಕಿಲೋ ಹಣ್ಣು, ಒಂದು ಬಕೆಟ್ ನೀರು. ಹಣ್ಣನ್ನು ನೀರಿಗೆ ಹಾಕಿ, ತೇಲಿದ್ದನ್ನು ಬೇರೆ ಮಾಡಿ ಬಿಡಿಸಿದರೆ ಕೊರಕ ಹುಳು ತಿಂದದ್ದು, ಜೊಳ್ಳು ಎರಡೂ ಕಾಣುತ್ತವೆ. ಸಿಪ್ಪೆ ಸುಲಿದ ಬೀಜವನ್ನು ರಾತ್ರಿಯಿಡೀ ಹುಳಿಯಲು ಬಿಟ್ಟು, ಮರುದಿನ ಉಜ್ಜಿ ನೋಡಬೇಕು: ಲೋಳೆ ಹೋಗಿ ಮರಳಿನಂತೆ ಗರಗರ ಎಂದರೆ ತೊಳೆಯಬಹುದು. ಚಳಿಗೆ ಹುಳಿಯುವುದು ತಡವಾಗುತ್ತದೆ, ಆತುರಪಟ್ಟರೆ ಲೋಳೆ ಉಳಿಯುತ್ತದೆ. ಒಣಗಲು ವಾರ ಬೇಕು. ಹಾಗಾಗಿ ಕಣದಲ್ಲಿ ಮೊದಲೇ ಒಣಗಿದ ಬೀಜ ತೋರಿಸಲು ತೋಟದ ರೈಟರನ್ನು (ಗುಮಾಸ್ತರನ್ನು) ಮುಂಚಿತವಾಗಿ ಕೇಳಿಕೊಳ್ಳಿ.

ಇನ್‌ಸ್ಪೈರ್ ಮಾನಕ್‌ಗೆ (ಶಾಲಾ ಮಕ್ಕಳ ವಿಜ್ಞಾನ ಐಡಿಯಾಗಳಿಗೆ ಕೇಂದ್ರ ಸರ್ಕಾರದ ಪ್ರಶಸ್ತಿ ಯೋಜನೆ) ಐಡಿಯಾ ಕಳಿಸುವ ಶಾಲೆಗೆ ತೋಟವೇ ಮೇಲು. ಆಯ್ಕೆಯಾದ ಮಗುವಿಗೆ ಮಾದರಿ ಮಾಡಲು 10,000 ರೂಪಾಯಿ ಸಿಗುತ್ತದೆ. ಬಜೆಟ್ ಬಿಗಿ ಇದ್ದರೆ ಶೆಟ್ಟಿಹಳ್ಳಿ. ತೋಟಕ್ಕಾದರೆ ಶುಕ್ರ–ಶನಿವಾರ ಇಟ್ಟುಕೊಳ್ಳಿ, ಕ್ರೈಸ್ತ ಮಕ್ಕಳಿಗೆ ಭಾನುವಾರದ ಬಲಿಪೂಜೆ (ಚರ್ಚ್‌ನ ಆರಾಧನೆ) ತಪ್ಪುವುದಿಲ್ಲ.