ಚೈನ್ ಕ್ಯಾಚರ್, ಮತ್ತು ಕಾಂಟಡಾರ್ ಕಾಯದೆ ಹೋದ ಆ ಏರು

ಮುಂದೆ ಎರಡು ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲುಚಕ್ರ) ಇರುವ ರೋಡ್ ಬೈಕ್ ನಿಮ್ಮದಾಗಿದ್ದರೆ ಚೈನ್ ಕ್ಯಾಚರ್ ಹಾಕಿಸಿಯೇ ತೀರಬೇಕು. ಇದು ಕಿರುಬೆರಳಿನಷ್ಟೂ ಉದ್ದವಿಲ್ಲದ ಅಲ್ಯೂಮಿನಿಯಂ ಕೊಕ್ಕೆ. ದೊಡ್ಡ ರಿಂಗ್‌ನಿಂದ ಚಿಕ್ಕದಕ್ಕೆ ಇಳಿಸುವಾಗ ಚೈನ್ ಒಳಬದಿಗೆ ಜಾರಿ ಫ್ರೇಮ್ ಮೇಲೆ ಬೀಳದಂತೆ ತಡೆಯುವುದಷ್ಟೇ ಅದರ ಕೆಲಸ.

ಚೈನ್ ತಪ್ಪುವ ಸಂಕಟ ಗೊತ್ತಾಗುವುದು ಏರಿನಲ್ಲಿ. ಕಾಲಿನ ಬಲವೆಲ್ಲ ಒಮ್ಮೆಲೇ ವ್ಯರ್ಥವಾಗಿ ಸೈಕಲ್ ನಿಂತುಬಿಡುತ್ತದೆ. 2010ರ ಜುಲೈ 19ರಂದು, ಟೂರ್ ಡಿ ಫ್ರಾನ್ಸ್ ಸೈಕಲ್ ಓಟದ 15ನೇ ಹಂತದಲ್ಲಿ, ಪಿರನೀಸ್ ಪರ್ವತದ ಪೋರ್ ದ ಬಾಲೆಸ್ ಏರಿನಲ್ಲಿ ಆ್ಯಂಡಿ ಶ್ಲೆಕ್ ಹಾಗೆಯೇ ನಿಂತರು. ಒಟ್ಟು ಸಮಯದಲ್ಲಿ ಮುಂದಿರುವವರು ತೊಡುವ ಹಳದಿ ಜೆರ್ಸಿ ಅವರ ಮೈಮೇಲಿತ್ತು, ಎರಡನೇ ಸ್ಥಾನದವರಿಗಿಂತ 31 ಸೆಕೆಂಡುಗಳ ಮುನ್ನಡೆಯಿತ್ತು, ದಾಳಿ ಮಾಡಿದ್ದೂ ಅವರೇ. ಅದೇ ಗಳಿಗೆಯಲ್ಲಿ ಚೈನ್ ಕೈಕೊಟ್ಟಿತು. ಎರಡನೇ ಸ್ಥಾನದಲ್ಲಿದ್ದ ಆಲ್ಬರ್ಟೊ ಕಾಂಟಡಾರ್, ನಿಂತಿದ್ದ ಶ್ಲೆಕ್‌ರನ್ನು ದಾಟಿ ಹೊರಟೇ ಹೋದರು. ಸಂಜೆಯ ಹೊತ್ತಿಗೆ ಶ್ಲೆಕ್ 39 ಸೆಕೆಂಡು ಕಳೆದುಕೊಂಡಿದ್ದರು, ಜೆರ್ಸಿ ಕಾಂಟಡಾರ್ ಪಾಲಾಗಿತ್ತು. ಆ ಹಂತ ಮುಗಿದ ಲೂಶಾನ್‌ನ ವೇದಿಕೆಯಲ್ಲಿ ಜೆರ್ಸಿ ತೊಡಿಸುವಾಗ, ಕಾಯಲಿಲ್ಲವೆಂದು ಜನ ಅವರನ್ನು ಕೂಗಿ ಧಿಕ್ಕರಿಸಿದರು. ಪ್ಯಾರಿಸ್ ತಲುಪಿದಾಗ ಇಬ್ಬರ ನಡುವಿನ ಅಂತರವೂ ಅಷ್ಟೇ, 39 ಸೆಕೆಂಡು.

ಶ್ಲೆಕ್‌ಗೆ ಏನಾಯಿತೆಂದು ತಮಗೆ ತಿಳಿಯಲಿಲ್ಲ ಎಂದು ಕಾಂಟಡಾರ್ ಮೊದಲು ಹೇಳಿದರು, ರಾತ್ರಿ ವಿಡಿಯೊ ಹಾಕಿ ಕ್ಷಮೆ ಕೇಳಿದರು. ಮೊದಲ ಕ್ಷಣದಲ್ಲಿ ತಿಳಿಯದಿದ್ದಿರಬಹುದು, ಒಪ್ಪುತ್ತೇನೆ. ಆದರೆ ಶಿಖರದ ಆಚೆ ಸುಮಾರು 20 ಕಿಲೋಮೀಟರ್ ಇಳಿಜಾರಿತ್ತು, ಕಿವಿಯಲ್ಲಿ ತಂಡದ ರೇಡಿಯೊ ಇತ್ತು. ಅಷ್ಟು ದೂರದಲ್ಲಿ ಒಮ್ಮೆಯಾದರೂ ವೇಗ ತಗ್ಗಿಸಬಹುದಿತ್ತು. 2003ರಲ್ಲಿ ಲೂಜ್ ಆರ್ಡಿಡೆನ್ ಏರಿನಲ್ಲಿ ಪ್ರೇಕ್ಷಕರೊಬ್ಬರ ಚೀಲಕ್ಕೆ ಹ್ಯಾಂಡಲ್ ಸಿಕ್ಕಿ ಆರ್ಮ್‌ಸ್ಟ್ರಾಂಗ್ ಬಿದ್ದಾಗ ಯಾನ್ ಉಲ್ರಿಚ್ ಕಾದಿದ್ದರು. ಕಾಂಟಡಾರ್ ಪರ ವಾದಿಸುವವರು 2010ರ ಟೂರ್‌ನದೇ ಮೂರನೇ ಹಂತದ ಕಲ್ಲುಹಾಸಿನ ರಸ್ತೆಯನ್ನು ನೆನಪಿಸುತ್ತಾರೆ: ಅಲ್ಲಿ ಅಪಘಾತದ ಹಿಂದೆ ಉಳಿದವರಿಗಾಗಿ ಶ್ಲೆಕ್ ಬಳಗವೂ ಕಾಯಲಿಲ್ಲ. ಅದು ನಿಜ. ಆದರೂ ಹಳದಿ ಜೆರ್ಸಿ ತೊಟ್ಟವನು ರಸ್ತೆ ಬದಿಯಲ್ಲಿ ಬಗ್ಗಿ ಚೈನ್ ಎಳೆಯುತ್ತಿರುವಾಗ ಗಳಿಸಿದ ಸಮಯವನ್ನು ನನ್ನ ಮನಸ್ಸು ಇಂದಿಗೂ ಗೆಲುವೆಂದು ಒಪ್ಪುವುದಿಲ್ಲ. ಉದ್ದೀಪನ ಮದ್ದಿನ ಪ್ರಕರಣದಲ್ಲಿ 2012ರಲ್ಲಿ ಆ ಪ್ರಶಸ್ತಿ ಕಾಂಟಡಾರ್ ಕೈತಪ್ಪಿ ಶ್ಲೆಕ್‌ಗೆ ಸಂದಿತು. ಅದು ಬೇರೆಯೇ ಕಥೆ, ಆ ಏರಿನ ಲೆಕ್ಕ ಅದರಿಂದ ಚುಕ್ತಾ ಆಗಲಿಲ್ಲ.

ಇನ್ನು ಜೋಡಣೆ. ಮುಂದಿನ ಡಿರೇಲರ್ (ಚೈನನ್ನು ಒಂದು ರಿಂಗ್‌ನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಹಿಡಿದಿರುವ ಬೋಲ್ಟ್ ಬಿಚ್ಚಿ, ಜೊತೆಗೆ ಬಂದ ಉದ್ದನೆಯ ಬೋಲ್ಟ್‌ನಿಂದ ಕೊಕ್ಕೆಯನ್ನೂ ಸೇರಿಸಿ ಬಿಗಿಯಬೇಕು. ಬಿಚ್ಚುವ ಮೊದಲು ಡಿರೇಲರ್ ಇರುವ ಎತ್ತರಕ್ಕೆ ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಿ. ಇಲ್ಲವಾದರೆ ಗೇರ್ ಹೊಂದಾಣಿಕೆಯನ್ನು ಮೊದಲಿನಿಂದ ಮಾಡಬೇಕಾಗುತ್ತದೆ. ಚೈನ್ ಚಿಕ್ಕ ರಿಂಗ್ ಮೇಲೂ ಹಿಂದಿನ ಅತಿ ದೊಡ್ಡ ಹಲ್ಲುಚಕ್ರದ ಮೇಲೂ ಇರುವಾಗ, ಕೊಕ್ಕೆಗೂ ಚೈನ್‌ಗೂ ನಡುವೆ ದಪ್ಪ ಕಾಗದ ತೂರುವಷ್ಟು ಸಂದು ಬಿಡಿ. ಹೆಚ್ಚಾದರೆ ಚೈನ್ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ, ಕಡಿಮೆಯಾದರೆ ಸದಾ ಉಜ್ಜುವ ಸದ್ದು. ನಂದಿ ಬೆಟ್ಟದ ಕೊನೆಯ ಕಡಿದಾದ ತಿರುವುಗಳಲ್ಲಿ, ಪೆಡಲ್ ಮೇಲೆ ಭಾರ ಹಾಕಿಕೊಂಡೇ ಗೇರ್ ಇಳಿಸಿದರೂ ನನ್ನ ಚೈನ್ ಒಳಕ್ಕೆ ಜಾರಿಲ್ಲ. ಕಾರ್ಬನ್ ಫ್ರೇಮ್‌ಗೆ ಗೀರು ಬೀಳದಿರುವುದೂ ದೊಡ್ಡ ಲಾಭ.

ಕೊರತೆಯೂ ಇದೆ. ಚೈನ್ ಹೊರಬದಿಗೆ ಬಿದ್ದರೆ ಇದು ಏನೂ ಮಾಡಲಾರದು. ಅದಕ್ಕೆ ಡಿರೇಲರ್ ಎಷ್ಟು ದೂರ ಸರಿಯಬಹುದೆಂದು ನಿರ್ಧರಿಸುವ ಮಿತಿ ಸ್ಕ್ರೂ ಸರಿಪಡಿಸಬೇಕು. ಪಟ್ಟಿ ಸುತ್ತಿ ಡಿರೇಲರ್ ಕೂರಿಸಿದ ಹಳೆಯ ಸ್ಟೀಲ್ ಫ್ರೇಮ್‌ಗಳಿಗೆ ಬೇರೆ ಮಾದರಿ ಬೇಕಾಗಬಹುದು, ಅಂಗಡಿಯಲ್ಲಿ ಸೈಕಲ್ ತೋರಿಸಿಯೇ ಕೊಳ್ಳಿ. ಮುಂದೆ ಒಂದೇ ರಿಂಗ್ ಇರುವವರು ಈ ಮಾದರಿಗೆ ದುಡ್ಡು ಹಾಕಬೇಡಿ.