ಕಲ್ಲಿಗೆ ನಾಲ್ಕು ಸ್ಟಾರ್, ಮೀನಿನ ಸಲಹೆಗೆ ಒಂದು

ವಿಜಯನಗರದ ನಮ್ಮ ಮನೆಯ ಹಾಲ್‌ನಲ್ಲಿ ಮೂರಡಿಯ ಉಪ್ಪುನೀರಿನ ಟ್ಯಾಂಕ್ ಇದೆ. ಸುಮಾರು 190 ಲೀಟರ್. ಅದರಲ್ಲಿ ಎರಡು ಕ್ಲೌನ್ ಮೀನುಗಳು ಎಂಟು ತಿಂಗಳಿಂದ ಆರಾಮಾಗಿದ್ದವು. ಆಮೇಲೆ ಒಂದೇ ದಿನ, ಒಂದೇ ಅಂಗಡಿಯಿಂದ ಟ್ಯಾಂಕಿನೊಳಗೆ ಇಡುವ ಐದು ಕಿಲೋ ಕಲ್ಲು ಮತ್ತು ಒಂದು ಡಾಮಿನೋ ಡ್ಯಾಮ್ಸೆಲ್ ಮೀನು ತಂದೆ. ಅಂಗಡಿಯ ಹೆಸರು ಬೇಡ. ಹುಡುಗರು ಒಳ್ಳೆಯವರು, ನಾನೂ ಮತ್ತೆ ಅಲ್ಲಿಗೇ ಹೋಗಬೇಕು.

ಗಟ್ಟಿ ಹವಳಗಳು ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿವೆ, ಹುಲಿಯ ಸಾಲಿನಲ್ಲೇ. ಟ್ಯಾಂಕಿನ ಕಲ್ಲು ಸಮುದ್ರದಿಂದ ಕಿತ್ತ ಹವಳವೇ ಆಗಿರಬಹುದು, ಅದಕ್ಕೇ ಎಲ್ಲಿಯದು ಎಂದು ಮೊದಲೇ ಕೇಳಿದೆ. ಸೆರಾಮಿಕ್ ಕಲ್ಲು, ನಮ್ಮ ತೊಟ್ಟಿಯಲ್ಲೇ ಒಂದು ವರ್ಷ ನೆನೆದಿದೆ ಅಂದರು. ಒದ್ದೆ ಪೇಪರ್ ಸುತ್ತಿ ಥರ್ಮಾಕೋಲ್ ಡಬ್ಬಿಯಲ್ಲಿ ಇಟ್ಟುಕೊಟ್ಟರು. ಇಷ್ಟಕ್ಕೇ ಮೂರು ಸ್ಟಾರ್.

ಮೂರನೇ ರಾತ್ರಿ ಹಾಲ್‌ನಲ್ಲಿ 'ಟಕ್' ಅಂತ ಸದ್ದು. ಹಲ್ಲಿ ನುಡಿಯಿತು ಅಂತ ಅತ್ತೆ "ಕೃಷ್ಣ ಕೃಷ್ಣ" ಎಂದು ನೆಲ ಕುಟ್ಟಿದರು. ಇವರು ಯುಪಿಎಸ್ ನೋಡಿ ಬಂದರು. ಬೆಳಿಗ್ಗೆ ನೋಡಿದರೆ ಒಂದು ಕ್ಲೌನ್ ಬಾಲ ಹರಿದಿತ್ತು. ನನಗೆ ಜೀವವೇ ಹೋಯಿತು. ಕಲ್ಲಿನೊಳಗೆ ಅಡಗಿ, ಮೀನು ಬೇಟೆಯಾಡುವ, 'ಟಕ್' ಅಂತ ಸದ್ದು ಮಾಡುವ ಮ್ಯಾಂಟಿಸ್ ಸೀಗಡಿ ಬಂದಿದ್ದರೆ ಮೀನುಗಳ ಕತೆ ಮುಗಿದಂತೆಯೇ ಅಲ್ವಾ? ಅಂಗಡಿ ಹುಡುಗನಿಗೆ ವಾಟ್ಸಾಪ್ ಮಾಡಿದೆ. "ಸಾರಿ ಅಕ್ಕ, ಕಲ್ಲು ವಾಪಸ್ ತನ್ನಿ, ಬೇರೆ ಕೊಡ್ತೀವಿ" ಅಂದ.

ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ ರಾತ್ರಿ ಹನ್ನೊಂದಕ್ಕೆ ಕಾದು ಕೂತೆ. ಕೆಂಪು ಬೆಳಕಿಗೆ ಇಂಥ ಪ್ರಾಣಿಗಳು ಅಷ್ಟಾಗಿ ಹೆದರುವುದಿಲ್ಲ. ಮೊದಲು ಎರಡು ಬ್ರಿಸಲ್ ಹುಳುಗಳು ಹೊರಬಂದವು. ಉಳಿದ ಆಹಾರ ತಿಂದು ಸ್ವಚ್ಛ ಮಾಡುತ್ತವೆ, ಇರಲಿ ಬಿಡಿ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ, ಪಾಪಾಸುಕಳ್ಳಿ ಮುಳ್ಳಿನ ಹಾಗೆ ಚುಚ್ಚಿಕೊಳ್ಳುತ್ತದೆ. ಅರ್ಧ ಗಂಟೆ ಆದ ಮೇಲೆ ಕಲ್ಲಿನ ಸಂದಿಯಿಂದ ಒಂದು ಸೀಗಡಿ ಇಣುಕಿತು. ಇಕ್ಕಳದಂಥ ಎರಡು ಕೈಗಳಲ್ಲಿ ಒಂದು ಸಣ್ಣದು, ಇನ್ನೊಂದು ಎಷ್ಟು ದಪ್ಪ ಅಂದರೆ ಎತ್ತಿಕೊಂಡು ಓಡಾಡುವುದೇ ಕಷ್ಟ ಅನಿಸುವಂತೆ. ಪಿಸ್ತೂಲ್ ಸೀಗಡಿ! ಆ ದಪ್ಪ ಇಕ್ಕಳ ಪಟ್ಟನೆ ಮುಚ್ಚಿದಾಗ ನೀರಿನಲ್ಲಿ ಗುಳ್ಳೆ ಏಳುತ್ತದೆ. ಆ ಗುಳ್ಳೆ ಒಡೆಯುವುದೇ ನಮ್ಮ ಮನೆ ಹಲ್ಲಿ. ಈ ಸೀಗಡಿಗೆ ಕಣ್ಣು ಮಂದ, ಬಿಲ ಬಿಟ್ಟು ದೂರ ಹೋಗುವುದಿಲ್ಲ. ಮೇಲೆ ಈಜುವ ಕ್ಲೌನ್ ಬಾಲಕ್ಕೆ ಅದು ಹೇಗೆ ಎಟುಕೀತು?

ಭಾನುವಾರ ಹಗಲಲ್ಲಿ ಕಾಫಿ ಹಿಡಿದು ಕೂತಾಗ ಕಳ್ಳ ಸಿಕ್ಕಿದ. ಡ್ಯಾಮ್ಸೆಲ್. ಕಪ್ಪು ಮೈ, ಮೂರು ಬಿಳಿ ಚುಕ್ಕಿ, ಎರಡು ಬೆರಳಗಲ. ಹೊಸ ಕಲ್ಲಿನ ಮೂಲೆ ತನ್ನದೇ ಅಂತ ಕಾಯುತ್ತಿತ್ತು. ಕ್ಲೌನ್ ಆ ಕಡೆ ತಿರುಗಿದರೆ ಸಾಕು, ನುಗ್ಗಿ ಕಚ್ಚುತ್ತಿತ್ತು. "ಎರಡೂ ಒಂದೇ ಕುಟುಂಬ ಅಕ್ಕ, ಸಮುದ್ರದಲ್ಲೂ ಜೊತೆಗೇ ಇರ್ತವೆ" ಅಂತ ಅದೇ ಹುಡುಗ ಕೊಟ್ಟಿದ್ದ. ಸುಳ್ಳಲ್ಲ. ಎರಡೂ ಪೊಮಸೆಂಟ್ರಿಡೇ ಕುಟುಂಬದವೇ. ಮರಿ ಡಾಮಿನೋಗಳು ಕ್ಲೌನ್‌ಗಳ ಜೊತೆ ಅನೆಮೊನೆ ಎಂಬ ಹೂವಿನಂಥ ಸಮುದ್ರಜೀವಿಯಲ್ಲಿ ಇರುವುದೂ ನಿಜ. ಆದರೆ ಸಮುದ್ರದಲ್ಲಿ ಓಡಿಹೋಗಲು ಜಾಗ ಇದೆ, ಮೂರಡಿ ಗಾಜಿನಲ್ಲಿ ಎಲ್ಲಿಗೆ ಹೋಗಬೇಕು? ಇದು ಬೆಳೆದರೆ 14 ಸೆಂಟಿಮೀಟರ್ ಆಗುತ್ತದೆ, ಜಗಳವೂ ಜಾಸ್ತಿಯಾಗುತ್ತದೆ. ಅದನ್ನು ಅಂಗಡಿಯವರು ಹೇಳಬೇಕಿತ್ತು. ಸುಮ್ನೆ ಕೂತಿದ್ದ ಸೀಗಡಿಗೆ ಸಾರಿ ಕೇಳಿದರು, ಈ ರೌಡಿಯನ್ನು ನಗುನಗುತ್ತಾ ಕಟ್ಟಿಕೊಟ್ಟರು.

ಬಲೆಗೆ ಬೀಳಲಿಲ್ಲ. ಬಿಸ್ಲೇರಿ ಬಾಟಲಿಯ ಕುತ್ತಿಗೆ ಕತ್ತರಿಸಿ, ತಲೆಕೆಳಗಾಗಿ ಒಳಗೆ ಸಿಕ್ಕಿಸಿ, ಸೀಗಡಿ ಚೂರು ಹಾಕಿ ಇಟ್ಟೆ. ಮೂರನೇ ದಿನ ಒಳಗೆ ಹೋಯಿತು. ಅಂಗಡಿಯವರು ಅರ್ಧ ರೇಟಿಗೆ ವಾಪಸ್ ತೆಗೆದುಕೊಂಡರು. ಕಲ್ಲು ನಾನು ಕೊಡಲಿಲ್ಲ. ನಾಲ್ಕನೇ ಸ್ಟಾರ್ ಆ ಸೀಗಡಿಗೆ.

ಈಗ ಅದಕ್ಕೆ ಜೋಡಿಯಾಗಿ ವಾಚ್‌ಮನ್ ಗೋಬಿ ಎಂಬ ಮೀನು ತನ್ನಿ ಅಂತ ಅಂಗಡಿಯವರು ಹೇಳುತ್ತಿದ್ದಾರೆ. ಕೆಲವು ಜಾತಿಯ ಪಿಸ್ತೂಲ್ ಸೀಗಡಿಗಳು ಬಿಲ ತೋಡುತ್ತವೆ, ಗೋಬಿ ಬಾಗಿಲಲ್ಲಿ ಕಾವಲು ಕೂರುತ್ತದೆ. ಹೆಸರು ಕೇಳಿ ಮಗಳು "ಡ್ರೈ ಆ, ಗ್ರೇವಿನಾ?" ಅಂದಳು. ನಮ್ಮದು ಆ ಜಾತಿಯದಾದರೆ ಈ ಸಲಹೆ ಸರಿಯಾಗಿಯೇ ಇದೆ. ಆದರೆ ಗೋಬಿಗಳು ಟ್ಯಾಂಕಿನಿಂದ ಹೊರಗೆ ಹಾರುತ್ತವೆ ಅಂತ ಅವರು ಈ ಸಲವೂ ಹೇಳಲಿಲ್ಲ. ಮೇಲೆ ಜಾಲರಿ ಹಾಕಿಸಿ ಆಮೇಲೆ ತರುತ್ತೇನೆ.